ಒಲೆಗೆ ಆಳು ಬೇಕು: ಮೈಸೂರಿನ ಎರಡು ಚಿತ್ರಶಾಲೆಗಳಲ್ಲಿ ಮಾವನ ಜೊತೆ

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಮ್ಮ ಮಾವನಿಗೆ ಉಟ್ಟ ಬಿಳಿ ಪಂಚೆಯೂ ನೀಲಿ ಕಾಣುತ್ತಿತ್ತಂತೆ. ವಯಸ್ಸಾದ ಹಾಗೆ ಕಣ್ಣೊಳಗಿನ ಮಸೂರ ಹಳದಿಗಟ್ಟುತ್ತದೆ, ಅದನ್ನು ತೆಗೆದು ಹೊಸದು ಕೂರಿಸಿದರೆ ಇಷ್ಟು ವರ್ಷ ಮಂಕಾಗಿದ್ದ ನೀಲಿ ಒಮ್ಮೆಗೇ ಎದ್ದು ಬರುತ್ತದೆ ಎಂದು ಡಾಕ್ಟರು ವಿವರಿಸಿದರು. ಮೈಸೂರಿನ ಆಸ್ಪತ್ರೆಯಲ್ಲಿ ತಪಾಸಣೆ ಬೇಗ ಮುಗಿಯಿತು. ಮಂಡ್ಯದ ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. "ಬೆಟ್ಟ ಬ್ಯಾಡ, ಬಿಸ್ಲು. ಎಲ್ಲಾರ ನೆಳ್ಳಿರೋ ಕಡೆ ಕರ್ಕೊಂಡೋಗು" ಅಂದರು ಮಾವ. ಹೊಸ ಕಣ್ಣಿಗೆ ಚಿತ್ರ ತೋರಿಸೋಣ ಅಂದವಳು ನನ್ನ ಮಗಳು. ಹಾಗೆ ಆಟೋ ಜಗನ್ಮೋಹನ ಅರಮನೆ ಕಡೆಗೆ ತಿರುಗಿತು.

ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಅರಮನೆ ಇದು. 1897ರಲ್ಲಿ ಮರದ ಹಳೆಯ ಅರಮನೆಗೆ ಬೆಂಕಿ ಬಿದ್ದಾಗ ರಾಜಮನೆತನ ಇಲ್ಲಿಗೆ ಬಂತು. ಈಗ ದಸರಾದಲ್ಲಿ ದೀಪ ಹಾಕುವ ದೊಡ್ಡ ಅರಮನೆ 1912ರಲ್ಲಿ ಮುಗಿಯುವವರೆಗೂ ಅವರ ವಾಸ ಇಲ್ಲೇ. ನಾಲ್ವಡಿಯವರು 1902ರಲ್ಲಿ ಅಧಿಕಾರ ವಹಿಸಿಕೊಂಡದ್ದೂ ಇಲ್ಲಿನ ದರ್ಬಾರಿನಲ್ಲೇ. 1915ರ ಹೊತ್ತಿಗೆ ಚಿತ್ರಶಾಲೆಯಾಯಿತು, ಆಮೇಲೆ ಜಯಚಾಮರಾಜೇಂದ್ರರ ಹೆಸರು ಬಂತು. ಇಷ್ಟನ್ನು ನಾನು ಟಿಕೆಟ್ ಸಾಲಿನಲ್ಲೇ ಮಾವನಿಗೆ ಹೇಳಿ ಮುಗಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಒಳಗೆ ಫ್ಯಾನ್ ಅದೆಯಾ?"

ಇಲ್ಲಿಗೆ ಬರುವವರಲ್ಲಿ ಬಹಳ ಜನ ಒಂದೇ ಚಿತ್ರ ಹುಡುಕಿಕೊಂಡು ಬರುತ್ತಾರೆ. ದೀಪ ಹಿಡಿದ ಹುಡುಗಿ ಎಲ್ಲಿ, ದೀಪದ ಹುಡುಗಿ ಎಲ್ಲಿ? ಉಳಿದ ಕೋಣೆಗಳು ಅವರ ಪಾಲಿಗೆ ಅಲ್ಲಿಗೆ ಹೋಗುವ ದಾರಿ, ಅಷ್ಟೆ. ರವಿವರ್ಮ ತನ್ನ ಕೊನೆಯ ದಿನಗಳಲ್ಲಿ ಮೈಸೂರಿಗೆಂದು ಬರೆದ ಪುರಾಣಚಿತ್ರಗಳ ಮುಂದೆಯೂ ಶಾಲಾಮಕ್ಕಳ ಸಾಲು ನಿಲ್ಲದೆ ಸರಿಯುತ್ತಿತ್ತು. ಕೌರವರ ಸಭೆಯಲ್ಲಿ ಸಂಧಾನಕ್ಕೆ ನಿಂತ ಕೃಷ್ಣ 1906ರ ಚಿತ್ರ, ರವಿವರ್ಮ ತೀರಿಕೊಂಡದ್ದೂ ಅದೇ ವರ್ಷ. ಮೇಷ್ಟ್ರು "ನಡೀರಿ ನಡೀರಿ" ಅನ್ನುತ್ತಿದ್ದರು. ಪಾಪ, ಅವರಿಗೂ ಮೃಗಾಲಯ ಬಾಕಿಯಿತ್ತು.

ಕತ್ತಲು ಮಾಡಿದ ಕೋಣೆಯಲ್ಲಿ ಆ ಹುಡುಗಿ ನಿಂತಿದ್ದಳು. ಬೆರಳ ಸಂದಿಯಿಂದ ಬೆಳಕು ಕೆಂಪಗೆ ತೂರಿ ಬರುವ ಆ ಜಾಗದಲ್ಲೇ ಎಲ್ಲರ ಕಣ್ಣು. ಪಕ್ಕದ ಪ್ರವಾಸಿಯೊಬ್ಬರು ಹೆಂಡತಿಗೆ "ರವಿವರ್ಮಂದು" ಅಂದರು. ನಮ್ಮ ಕಡೆ ಕ್ಯಾಲೆಂಡರಿನಲ್ಲಿ ಬಂದ ಚಂದದ ಹೆಣ್ಣೆಲ್ಲ ರವಿವರ್ಮನದ್ದೇ. ಇದು ಸಾವಂತವಾಡಿಯ ಎಸ್. ಎಲ್. ಹಳದಣಕರ್ ಬರೆದದ್ದು, ರೂಪದರ್ಶಿ ಅವರ ಮಗಳು ಗೀತಾ. 2018ರಲ್ಲಿ ತೀರಿಕೊಂಡಾಗ ಆಕೆಗೆ 102 ವರ್ಷ. ನನ್ನನ್ನು ಬೆರಗುಗೊಳಿಸುವುದು ಬೆಳಕಿಗಿಂತ ಇದು ಜಲವರ್ಣ ಅನ್ನುವುದು. ತೈಲವರ್ಣದಲ್ಲಿ ತಪ್ಪಿದರೆ ಮೇಲೆ ಬಳಿದು ತಿದ್ದಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣ ತಾಗಿಸದೆ ಉಳಿಸಿಕೊಂಡ ಕಾಗದ, ಒಮ್ಮೆ ಕೆಟ್ಟರೆ ಕೆಟ್ಟಂತೆಯೇ.

ಮಾವ ಇಲ್ಲಿ ಮನಸೋತದ್ದು ಬೇರೆಯದಕ್ಕೆ. ಭೂತಗನ್ನಡಿಯಡಿ ಇಟ್ಟಿದ್ದ ಅಕ್ಕಿಕಾಳಿನ ಮೇಲಿನ ಚಿತ್ರಕ್ಕೆ. ಜೀವಮಾನವೆಲ್ಲ ಭತ್ತ ಬೆಳೆದವರು ಒಂದು ಕಾಳನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. ಗೋಡೆಯ ಮೇಲಿದ್ದ ಒಡೆಯರ ವಂಶವೃಕ್ಷವನ್ನೂ ಕೈಕಟ್ಟಿ ಓದಿದರು. ಏನೋ ಕೇಳಬೇಕು ಅನ್ನಿಸಿದಾಗಲೆಲ್ಲ ಅತ್ತಿತ್ತ ನೋಡಿ ಸುಮ್ಮನಾಗುತ್ತಿದ್ದರು. ಯಾರನ್ನು ಕೇಳುವುದು? ಬರೆದವರೆಲ್ಲ ಸತ್ತು ಎಷ್ಟೋ ಕಾಲವಾಗಿದೆ.

ಹುಣಸೂರು ರಸ್ತೆಯ ಕಲಾಮಂದಿರಕ್ಕೆ ಹೋದದ್ದು ಊಟದ ನಂತರ. ರಂಗಾಯಣದ ಅಂಗಳಕ್ಕೆ ಅಂಟಿಕೊಂಡ ಈ ಆವರಣದಲ್ಲಿ ಸುಚಿತ್ರಾ ಅನ್ನುವ ಕಲಾ ಗ್ಯಾಲರಿ ಇದೆ. ನಾಟಕಕ್ಕೆ ಬಂದವರು ಅದರ ಮುಂದೆಯೇ ಹಾದುಹೋಗುತ್ತಾರೆ, ಒಳಗೆ ಕಾಲಿಡುವವರು ಕಡಿಮೆ. ಊರಿನ ಕಲಾವಿದರು ತಾವು ಬರೆದದ್ದನ್ನು ತಂದು ತೂಗುಹಾಕಿ, ತಾವೇ ಕುರ್ಚಿ ಹಾಕಿಕೊಂಡು ಕೂರುವ ಜಾಗ. ಪ್ರದರ್ಶನವಿದ್ದಾಗ ಹೋದರೆ ಮಾತ್ರ ನೋಡಲು ಏನಾದರೂ ಸಿಗುತ್ತದೆ, ಅದಕ್ಕೆ ಬೆಳಿಗ್ಗೆಯೇ ಪತ್ರಿಕೆಯ ಕಾರ್ಯಕ್ರಮಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಅಂದು ಶಾಲೆಗಳ ಡ್ರಾಯಿಂಗ್ ಮೇಷ್ಟ್ರು, ಮೇಡಂಗಳು ಸೇರಿ ಇಟ್ಟಿದ್ದ ಗುಂಪು ಪ್ರದರ್ಶನವಿತ್ತು. ಟಿಕೆಟ್ ಇಲ್ಲ. ಬಾಗಿಲಲ್ಲಿ ಉದ್ಘಾಟನೆಯ ದೀಪದ ಎಣ್ಣೆ ಇನ್ನೂ ಆರಿರಲಿಲ್ಲ.

ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಕಣ್ಣು ಮುಚ್ಚಿದ ಬುದ್ಧ, ಓಡುವ ಕುದುರೆ, ಮುಖ ಕಾಣದೆ ಸೊಂಡಿಲಷ್ಟೇ ಕಾಣುವ ಗಣಪತಿ. ಯಾವ ಪ್ರದರ್ಶನಕ್ಕೆ ಹೋದರೂ ಈ ಮೂವರು ನನಗಿಂತ ಮೊದಲೇ ಬಂದಿರುತ್ತಾರೆ. ಆದರೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನ ಒಂದು ಜಲವರ್ಣ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗಿನವರ ಬೆನ್ನುಗಳು, ಇವೆರಡನ್ನು ಮತ್ತೆ ಹೋಗಿ ನೋಡಿದೆ.

ಮೂಲೆಯಲ್ಲಿ ಮೈಸೂರು ಶೈಲಿಯ ಚಿತ್ರಗಳನ್ನಿಟ್ಟುಕೊಂಡು ಒಬ್ಬ ಮೇಡಂ ಕೂತಿದ್ದರು. ಮಗಳು ಸುಮ್ಮನೆ ಇಣುಕಿದ್ದೇ ತಡ, ಅವರು ಅರ್ಧಂಬರ್ಧ ಮಾಡಿದ್ದ ಒಂದು ಹಲಗೆ ತೆಗೆದು ಕೈಗೇ ಕೊಟ್ಟರು. ಹಿಂದೆ ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯೊಳಗೆ ಸುಟ್ಟು ಮಾಡಿದ ಇದ್ದಿಲಿನಿಂದಲೇ ರೇಖೆ ಎಳೆಯುತ್ತಿದ್ದರಂತೆ. ಒಡವೆ, ಪ್ರಭಾವಳಿ, ಸೀರೆಯ ಅಂಚು ಬರುವ ಕಡೆ ಮಕ್ಕಿ ಸಫೇದ ಅನ್ನುವ, ಬಿಳಿ ಪುಡಿಗೆ ಅಂಟು ಕಲಸಿದ ಸರಿಯನ್ನು ಕುಂಚದಿಂದ ಎಳೆಎಳೆಯಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುವುದು. "ಮುಟ್ಟಿ ನೋಡಮ್ಮ. ತಂಜಾವೂರಿನ ಚಿತ್ರದಲ್ಲಿ ಇದು ದಪ್ಪ ಇರತ್ತೆ, ಕಲ್ಲೂ ಕೂರಿಸ್ತಾರೆ. ನಮ್ಮದು ಬೆರಳಿಗೆ ಸಿಕ್ಕಿದ್ರೆ ಸಿಕ್ತು, ಇಲ್ಲಾಂದ್ರೆ ಇಲ್ಲ." ಮಗಳು ಕಣ್ಣು ಮುಚ್ಚಿಕೊಂಡು ಲಕ್ಷ್ಮಿಯ ಬಳೆಗಳನ್ನು ಬೆರಳಲ್ಲಿ ಎಣಿಸಿದಳು. ಮಾವ ಪಕ್ಕದ ಕೃಷ್ಣನ ಮುಂದೆ ನಿಂತು, "ಈ ನೀಲಿ ನೀವು ಹಾಕಿದ್ದೋ, ಡಾಕ್ಟ್ರು ಹಾಕಿದ್ದೋ?" ಅಂದರು. ಮೇಡಂಗೆ ಅರ್ಥವಾಗಲು ನಾನು ಪೊರೆಯ ಕಥೆ ಹೇಳಬೇಕಾಯಿತು.

ಆಮೇಲೆ ಸಿಕ್ಕಿದ್ದು ಆಲೆಮನೆಯ ಚಿತ್ರ. ದೊಡ್ಡ ಕ್ಯಾನ್ವಾಸು, ಗರಿಯ ಚಪ್ಪರ, ಕೊಪ್ಪರಿಗೆಯಿಂದೇಳುವ ಹಬೆ, ಹೊಗೆಯ ಆಚೆ ಕಬ್ಬಿನ ಗದ್ದೆ. ಬೆಳಕು ಬಹಳ ಚೆನ್ನಾಗಿ ಬಂದಿತ್ತು. ಬರೆದವರು ಹತ್ತಿರವೇ ಇದ್ದರು, ಕಾವಾದಲ್ಲಿ ಓದಿದವರು. ಸಯ್ಯಾಜಿರಾವ್ ರಸ್ತೆಯಲ್ಲಿ 1906ರಲ್ಲಿ ಬ್ರಿಟನ್ನಿನ ಯುವರಾಜ ಅಡಿಗಲ್ಲು ಹಾಕಿದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಹೆಸರು ಹೊತ್ತ ಕಲಾಶಾಲೆ ಅದು. ಮಾವ ಚಿತ್ರವನ್ನು ಮೇಲಿಂದ ಕೆಳಗೆ ನೋಡಿದರು, ಪಕ್ಕಕ್ಕೆ ಸರಿದು ನೋಡಿದರು.

"ಮೇಷ್ಟ್ರೇ, ಒಲೆಗೆ ಸಿಪ್ಪೆ ಹಾಕೋನೆಲ್ಲಿ?"

"ಅದು ಹಿಂದುಗಡೆ ಗುಂಡೀಲಿ ಯಜಮಾನ್ರೇ. ನಾನು ನಿಂತಿದ್ದ ಕಡೆಯಿಂದ ಕಾಣ್ತಿರಲಿಲ್ಲ."

"ಹೊಗೆ ಕಾಣ್ತು, ಆಳು ಕಾಣ್ಲಿಲ್ವಾ?"

ಮೇಷ್ಟ್ರು ನಕ್ಕುಬಿಟ್ಟರು. ಮಾವ ನಗಲಿಲ್ಲ. ಪಾಕ ನೋಡುವವನಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ, ಸುಣ್ಣ ಹಾಕಿ ಮಡ್ಡಿ ತೆಗೆಯುವವನಿಗೂ ಕೊಡುತ್ತಾರೆ. ಒಣ ಸಿಪ್ಪೆಯನ್ನು ಬಿಡುವಿಲ್ಲದೆ ಒಲೆಗೆ ತುರುಕುತ್ತ ಬೆಂಕಿಯ ಮುಂದೆ ಕೂತವನು ಒಂದು ಗಳಿಗೆ ಮೈಮರೆತರೆ ಅಷ್ಟೂ ಕಬ್ಬಿನ ಹಾಲು ಕೆಟ್ಟು, ಬೆಲ್ಲ ಅಚ್ಚಿಗೆ ಕೂರುವುದಿಲ್ಲ. ಅವನನ್ನು ಮಾತ್ರ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಇದನ್ನು ಹೇಳಿದ ಮಾವ ಹರೆಯದಲ್ಲಿ ಅದೇ ಗುಂಡಿಯಲ್ಲಿ ಕೂತಿದ್ದವರು. ನನಗೂ ಅದು ಗೊತ್ತಾದದ್ದು ಆಗಲೇ.

ಮೇಷ್ಟ್ರು ಚೀಲದಿಂದ ಪುಸ್ತಕ, ಪೆನ್ಸಿಲ್ ತೆಗೆದರು. "ಹೆಂಗೆ ಕೂತ್ಕೋತಿದ್ರಿ, ತೋರಿಸಿ." ಮಾವ ಕುಕ್ಕರುಗಾಲಲ್ಲಿ ಕೂರಲು ಹೊರಟರು. ಬಗ್ಗಬೇಡಿ ಅಂತ ಡಾಕ್ಟರು ಹೇಳಿ ಇನ್ನೂ ಅರ್ಧ ದಿನವಾಗಿರಲಿಲ್ಲ. ಕೊನೆಗೆ ಕೂತವಳು ಮಗಳು. ಎಡಗೈ ಮುಖಕ್ಕೆ ಅಡ್ಡ, ಬಲಗೈಯಲ್ಲಿ ಸುರುಳಿ ಸುತ್ತಿದ ದುಪಟ್ಟಾವೇ ಕಬ್ಬಿನ ಸಿಪ್ಪೆ. "ಮಕ ಇನ್ನೂ ಅತ್ಲಾಗೆ ತಿರುಗ್ಸವ್ವ, ಉರಿ ಬಡಿತದೆ" ಎಂದು ಮಾವ ನಿಂತಲ್ಲಿಂದಲೇ ತಿದ್ದುತ್ತಿದ್ದರು. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಪಾಂಡವಪುರದ ಕಡೆಯವರೊಬ್ಬರು ತಮ್ಮೂರಲ್ಲಿ ಸಿಪ್ಪೆಯನ್ನು ಕೋಲಿನಿಂದ ನೂಕುತ್ತಾರೆ ಅಂದರು, ಇನ್ನೊಬ್ಬರು ಒಪ್ಪಲಿಲ್ಲ. ಬುದ್ಧನನ್ನು ಬರೆದವರೂ ಎದ್ದು ಬಂದು ನಿಂತರು.

ಅಭಿಪ್ರಾಯದ ಪುಸ್ತಕದಲ್ಲಿ ಪುಟ ತುಂಬ "ಸೂಪರ್", "ಅದ್ಭುತ", "ಶುಭವಾಗಲಿ". ಮಾವ ಮಗಳ ಕೈಲಿ "ಒಲೆಗೆ ಆಳು ಬೇಕು" ಅಂತ ಬರೆಸಿ, ಕೆಳಗೆ ತಾವೇ ಸಹಿ ಹಾಕಿದರು.

ಹೊರಡುವ ಮುಂಚೆ ಬೆಲೆ ಕೇಳಿದರು. ಆರು ಸಾವಿರ. ಕ್ಯಾನ್ವಾಸಿಗೆಷ್ಟು, ಬಣ್ಣಕ್ಕೆಷ್ಟು, ಫ್ರೇಮಿಗೆಷ್ಟು ಎಂದು ಬಿಡಿಸಿ ಬಿಡಿಸಿ ವಿಚಾರಿಸಿ, ಮೇಷ್ಟ್ರ ಕೂಲಿ ಇಷ್ಟೇ ಉಳಿಯುತ್ತದಾ ಅಂತ ಬೇಸರವನ್ನೂ ಪಟ್ಟರು. ಕೊಳ್ಳುವ ಮಾತು ಬರಲಿಲ್ಲ. ಬಾಗಿಲವರೆಗೆ ಬಂದವರು ತಿರುಗಿ, "ಅವನ್ನ ಸೇರ್ಸಿ ಬರೀರಿ, ಫೋನ್ ಮಾಡಿ. ಆಳು ಒಬ್ಬ ಜಾಸ್ತಿ ಆದ ಅಂತ ರೇಟ್ ಏರುಸ್ಬೇಡಿ" ಅಂದರು. ರೈಲು ಹೊರಟು ಎಷ್ಟೋ ಹೊತ್ತಾಗಿತ್ತು. ಸಬರ್ಬನ್ ನಿಲ್ದಾಣದಲ್ಲಿ ಮಂಡ್ಯದ ಬಸ್ಸು ಸಿಕ್ಕಿತು, ಸೀಟು ಸಿಗಲಿಲ್ಲ.