ಮಲ್ಟಿಟೂಲ್ ತಗೋಳೋ ಮುಂಚೆ: ಇಕ್ಕಳ ಬೇಕಾ, ಬೇಡ್ವಾ?

ಮಲ್ಟಿಟೂಲ್, ಅಂದ್ರೆ ಚಾಕು, ಸ್ಕ್ರೂ ಡ್ರೈವರ್ ಥರದ ಹಲವು ಟೂಲ್ ಒಂದರಲ್ಲೇ ಮಡಚಿಟ್ಟಿರೋದು, ಯಾವ್ದು ತಗೋಳ್ಲಿ ಅಂತ ಕೇಳೋರೆಲ್ಲ ಮೊದ್ಲು ನೋಡೋದು ಅದ್ರಲ್ಲಿ ಎಷ್ಟ್ ಟೂಲ್ ಇದೆ ಅನ್ನೋ ನಂಬರ್, 14, 18, 33 ಅಂತ. ನನ್ನ ಕೇಳಿದ್ರೆ ಆ ನಂಬರ್ ನೋಡ್ಲೇಬೇಡಿ. ವೈರ್ ಕಟ್ಟರ್‌ನ ಮೆತ್ತಗಿನ ತಂತಿಗೊಂದು ಗಟ್ಟಿ ತಂತಿಗೊಂದು ಅಂತ ಎರಡು ಮಾಡಿ ಎಣಿಸ್ತಾರೆ, ಬಾಟಲ್ ಓಪನರ್ ತುದೀಲಿರೋ ಸ್ಕ್ರೂ ಡ್ರೈವರ್ ಬೇರೆ ಲೆಕ್ಕ, ಕೀ ಹಾಕೋ ರಿಂಗನ್ನೂ ಬಿಡಲ್ಲ ಪುಣ್ಯಾತ್ಮರು. ಅದೆಲ್ಲ ಪಕ್ಕಕ್ಕಿಟ್ಟು ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ, ನಿಮಗೆ ಇಕ್ಕಳ ಬೇಕಾ ಬೇಡ್ವಾ? ಇದಕ್ಕೆ ಉತ್ತರ ಸಿಕ್ಕಿದ್ರೆ ಅರ್ಧ ಕೆಲಸ ಮುಗೀತು.

ಯಾಕಂದ್ರೆ ಇದ್ರಲ್ಲಿ ಇರೋದೇ ಎರಡು ಜಾತಿ. ಒಂದು ಚಾಕು ಜಾತಿ, ಅಂದ್ರೆ ಸ್ವಿಸ್ ಆರ್ಮಿ ನೈಫ್, ವಿಕ್ಟೋರಿನಾಕ್ಸ್ ಕಂಪನಿ ಶುರು ಮಾಡಿದ ಕಾರ್ಲ್ ಎಲ್ಸೆನರ್ 1897ರಲ್ಲಿ ರಿಜಿಸ್ಟರ್ ಮಾಡ್ಸಿದ ಆಫೀಸರ್ಸ್ ನೈಫ್ ವಂಶದ್ದು. ಚಾಕು, ಕತ್ತರಿ, ಓಪನರ್, ದಬ್ಬಣ, ಚಿಮುಟ ಎಲ್ಲ ಇರತ್ತೆ, ತೆಳ್ಳಗೆ ಜೇಬಲ್ಲಿ ಕೂರತ್ತೆ. ಇನ್ನೊಂದು ಇಕ್ಕಳದ ಜಾತಿ. ಟಿಮ್ ಲೆದರ್‌ಮನ್ ಅನ್ನೋ ಅಮೆರಿಕದ ಎಂಜಿನಿಯರ್ 1975ರಲ್ಲಿ ಒಂದು ಹಳೇ ಫಿಯಟ್ ಕಾರ್ ಇಟ್ಕೊಂಡು ಯೂರೋಪ್ ಸುತ್ತೋವಾಗ ಕಾರೂ ಕೈಕೊಡ್ತಿತ್ತು, ಉಳ್ಕೊಂಡ ಹೋಟೆಲಿನ ನಲ್ಲಿಗಳೂ ಸೋರ್ತಿದ್ವು, ಜೇಬಲ್ಲಿ ಇದ್ದಿದ್ದು ಸ್ಕೌಟ್ ಚಾಕು ಮಾತ್ರ. ಇದಕ್ಕೊಂದು ಇಕ್ಕಳ ಇದ್ದಿದ್ರೆ ಅಂತ ಆಗ ಅನ್ಸಿದ್ದು, ಆ ಟೂಲ್ ಮಾರ್ಕೆಟ್‌ಗೆ ಬರೋ ಹೊತ್ತಿಗೆ 1983. ಈಗ ಸಿಗೋ ಮಡಚೋ ಇಕ್ಕಳಗಳೆಲ್ಲ ಹೆಚ್ಚೂ ಕಮ್ಮಿ ಅದರ ಮಕ್ಕಳು ಮೊಮ್ಮಕ್ಕಳೇ.

ಸರಿ, ಇಕ್ಕಳ ಯಾರಿಗೆ ಬೇಕು? ಬೈಕು ಸೈಕಲ್ಲು ಇಟ್ಕೊಂಡೋರು, ಕ್ಯಾಂಪಿಂಗ್ ಹೋಗೋರು, ವೈರು ನಟ್ಟು ಬೋಲ್ಟು ಅಂತ ಕೈ ಸುಮ್ನಿರದೋರು, ಇವರಿಗೆ ಖಂಡಿತ ಬೇಕು. ಚಾಕು ಕೆಲಸಕ್ಕೆ ಬೇರೆ ಏನಾದ್ರೂ ಹೊಂದಿಸ್ಕೋಬಹುದು, ಹಿಡಿಯೋದಕ್ಕೆ ಮಾತ್ರ ಬೇರೆ ದಾರಿ ಇಲ್ಲ. ಟೆಂಟ್ ಜಿಪ್ ನೋಡಿ. ಎಳೀತಾ ಹೋಗ್ತೀರ, ಹಿಂದಿಂದೆ ಹಲ್ಲು ಬಾಯಿ ಬಿಡ್ತಾನೇ ಬರತ್ತೆ, ಎಲ್ರೂ ಹಲ್ಲು ಹೋಯ್ತು ಅಂತಾರೆ ಆದ್ರೆ ಸಾಮಾನ್ಯವಾಗಿ ಸವೆದಿರೋದು ಆ ಓಡಾಡೋ ರನ್ನರ್, ಅದರ ಎರಡೂ ತುಟಿ ಸ್ವಲ್ಪ ಅಗಲ ಆಗಿರತ್ತೆ. ರನ್ನರ್‌ನ ಜಿಪ್ ಶುರುವಾಗೋ ಕಡೆಗೆ ತಂದು, ಚೂಪು ಮೂತಿ ಇಕ್ಕಳದಲ್ಲಿ ಹಿಂಬದಿ ಅಂಚನ್ನ ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಹಗುರಕ್ಕೆ ಒತ್ತಿ, ಎಳೆದು ನೋಡಿ, ಸಾಲ್ದಿದ್ರೆ ಇನ್ನೊಂಚೂರು. ಜೋರಾಗಿ ಒತ್ತಿದ್ರೆ ರನ್ನರ್ ಕಚ್ಕೊಳತ್ತೆ ಇಲ್ಲಾ ಮುರಿದೇ ಹೋಗತ್ತೆ, ಹುಷಾರು. ರಾತ್ರಿ ಸೊಳ್ಳೆ ಮಧ್ಯೆ ಮಲಗೋದು ತಪ್ಪಿಸೋ ಈ ಕೆಲಸ 33 ಟೂಲಿನ ದೊಡ್ಡ ಚಾಕುವಲ್ಲೂ ಅದರ ಚೋಟುದ್ದ ಇಕ್ಕಳದಿಂದ್ಲೇ ಆಗಬೇಕು. ಬಿಸಿ ಪಾತ್ರೆ ಅಂಚು ಹಿಡಿದು ಇಳ್ಸೋಕೆ, ಬಾಗಿರೋ ಗೂಟ ನೆಟ್ಟಗೆ ಮಾಡೋಕೂ ಅಷ್ಟೇ.

ಇನ್ನು ದಿನಾ ಮಾಡೋದು ಪಾರ್ಸೆಲ್ ಬಿಚ್ಚೋದು, ದಾರ ಕತ್ತರಿಸೋದು, ಹಣ್ಣು ಹೆಚ್ಚೋದು, ಮುಳ್ಳು ತೆಗೆಯೋದು ಇಷ್ಟೇ ಆದ್ರೆ ಇಕ್ಕಳ ಸುಮ್ನೆ ಭಾರ. ಲೆದರ್‌ಮನ್ ಕಂಪನಿಯ ಇಕ್ಕಳದ ಮಾಡೆಲ್ ವೇವ್ ಪ್ಲಸ್ 241 ಗ್ರಾಂ, ಅಂದ್ರೆ ಒಂದು ಫೋನಿಗಿಂತ ಜಾಸ್ತಿ. ವಿಕ್ಟೋರಿನಾಕ್ಸ್ ಹಂಟ್ಸ್‌ಮನ್ 100 ಗ್ರಾಂ ಒಳಗೆ, ಅದ್ರಲ್ಲಿ ಮರ ಕೊಯ್ಯೋ ಗರಗಸನೂ ಇದೆ. 58 ಮಿಲಿಮೀಟರಿನ ಕ್ಲಾಸಿಕ್ ಅಂತೂ ಕೀ ಗೊಂಚಲಲ್ಲಿ ಇರೋದೇ ಗೊತ್ತಾಗಲ್ಲ, 20 ಗ್ರಾಂ ಚಿಲ್ಲರೆ. ಭಾರದ್ದು ತಗೊಂಡೋರು ಸ್ವಲ್ಪ ದಿನ ಬೆಲ್ಟಿಗೆ ಸಿಗಿಸ್ಕೊಂಡು ಓಡಾಡ್ತಾರೆ, ಆಮೇಲೆ ಅದು ಬ್ಯಾಗಿಗೆ ಹೋಗತ್ತೆ, ಬ್ಯಾಗಿಂದ ಡ್ರಾಯರ್‌ಗೆ. ಮಧ್ಯದ ದಾರಿ ಬೇಕು ಅಂದ್ರೆ ಲೆದರ್‌ಮನ್‌ದೇ ಸ್ಕೆಲಿಟೂಲ್ ಥರದ್ದು, 142 ಗ್ರಾಂ, ಇಕ್ಕಳ ಇದೆ ಚಾಕು ಇದೆ ಸ್ಕ್ರೂ ಬಿಟ್ ಇದೆ, ಕತ್ತರಿ ಇಲ್ಲ. ನನಗೆ ಕತ್ತರಿ ಇಲ್ದೆ ಇದ್ರೆ ಆಗಲ್ಲ ರೀ, ದಿನಾ ಜಾಸ್ತಿ ಬಳಸೋದೇ ಅದು, ಪಬ್ಲಿಕ್ಕಲ್ಲಿ ಚಾಕು ತೆಗೆದ್ರೆ ಜನ ಒಂಥರ ನೋಡ್ತಾರೆ, ಕತ್ತರಿ ತೆಗೆದ್ರೆ ಯಾರೂ ತಲೆ ಎತ್ತಲ್ಲ.

ಅದಕ್ಕೇ ನಾನು ಎರಡು ಇಟ್ಕೊಂಡಿದೀನಿ, ಜೇಬಲ್ಲಿ ಸಣ್ಣ ಕತ್ತರಿ ಇರೋ ಚಾಕು, ಔಟ್‌ಡೋರ್ ಬ್ಯಾಗಲ್ಲಿ ಖಾಯಂ ಆಗಿ ಇಕ್ಕಳದ್ದು. ಒಂದ್ರಲ್ಲೇ ಎಲ್ಲ ಮುಗೀಬೇಕು ಅನ್ನೋ ಹಟ ಬಿಟ್ರೆ ಆಯ್ಕೆ ತುಂಬಾ ಸಲೀಸು.

ಇಕ್ಕಳದ್ದೇ ಬೇಕು ಅಂತ ತೀರ್ಮಾನ ಆದ್ರೆ ನೋಡಬೇಕಾದ್ದು, ಚಾಕು ಹೊರಗಡೆಯಿಂದ ತೆಗೆಯೋಕಾಗತ್ತಾ ಅಂತ. ಹಳೇ ಮಾದರಿಯಲ್ಲಿ ಪೂರ್ತಿ ಇಕ್ಕಳ ಬಿಚ್ಚಿದ್ರೇನೇ ಒಳಗಿರೋ ಬ್ಲೇಡ್ ಸಿಗ್ತಿತ್ತು, 1998ರಲ್ಲಿ ವೇವ್ ಬಂದ್ಮೇಲೆ ಬ್ಲೇಡನ್ನ ಹೊರಗಿಂದ್ಲೇ ಒಂದೇ ಕೈಯಲ್ಲಿ ತೆಗೆಯೋ ಹಾಗಾಯ್ತು. ಇನ್ನೊಂದು ಕೈಯಲ್ಲಿ ಹಗ್ಗ ಹಿಡ್ಕೊಂಡಿರೋವಾಗ ಇದರ ಬೆಲೆ ಗೊತ್ತಾಗತ್ತೆ. ಆಮೇಲೆ ಲಾಕ್. ಸ್ಪ್ರಿಂಗ್ ಬಲದಲ್ಲೇ ನಿಲ್ಲೋ ಬ್ಲೇಡಿಗೆ ಹಣ್ಣು, ಹಗ್ಗ, ರಟ್ಟು ಓಕೆ, ತುದಿಯಿಂದ ಒತ್ತಿ ಚುಚ್ಚೋ ಕೆಲಸ ಬಂದ್ರೆ ಅದು ಬೆರಳ ಮೇಲೇ ಮಡಚ್ಕೊಳತ್ತೆ, ಅಲ್ಲಿ ಲಾಕ್ ಬೇಕು. ಆದ್ರೆ ಲಾಕ್ ಇದ್ರೆ ಕಾನೂನಿನ ತಲೆನೋವು ಇನ್ನೊಂದು, ಉದಾಹರಣೆಗೆ ಬ್ರಿಟನ್‌ನಲ್ಲಿ ಕಾರಣ ಕೊಡದೆ ಜೇಬಲ್ಲಿ ಇಟ್ಕೋಬಹುದಾದ್ದು ಲಾಕ್ ಇಲ್ಲದ, 3 ಇಂಚಿನ ಒಳಗಿನ ಬ್ಲೇಡಿನ ಮಡಚೋ ಚಾಕು ಮಾತ್ರ. ನೀವಿರೋ ಕಡೆ, ಹೋಗೋ ಕಡೆ ಏನ್ ರೂಲ್ಸ್ ಅಂತ ನೋಡ್ಕೊಳ್ಳಿ. ವಿಮಾನ ಹತ್ತೋ ದಿನ ಚೆಕ್ ಇನ್ ಬ್ಯಾಗಿಗೆ ಹಾಕೋದು ಮರೀಬೇಡಿ, ಸೆಕ್ಯೂರಿಟಿಯೋರು ಕಿತ್ಕೊಂಡ್ರೆ ವಾಪಸ್ ಸಿಗೋದು ಡೌಟು.

ಸ್ಟೀಲ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡೋರಿದಾರೆ, ನನಗೆ ಅಷ್ಟು ತಲೆ ಇಲ್ಲ. ವಿಕ್ಟೋರಿನಾಕ್ಸ್ ಸ್ಟೀಲ್ ಸ್ವಲ್ಪ ಮೆತ್ತಗೆ, ಬೇಗ ಮೊಂಡಾಗತ್ತೆ ಆದ್ರೆ ಸಾಣೆ ಹಿಡಿಯೋದು ಅಷ್ಟೇ ಸುಲಭ. ವೇವ್‌ನಲ್ಲಿರೋ 420 ಎಚ್‌ಸಿ ಅನ್ನೋ ಸ್ಟೀಲೂ ಅಂಥ ದುಬಾರಿದೇನಲ್ಲ, ಚೆನ್ನಾಗೇ ಇದೆ. ಸ್ಟೇನ್‌ಲೆಸ್ ಅಂದ್ರೂ ಸಮುದ್ರದ ನೀರು ತಾಗಿದ್ರೆ ತುಕ್ಕು ಹಿಡಿಯತ್ತೆ, ಸಿಹಿ ನೀರಲ್ಲಿ ತೊಳೆದು ಒಣಗಿಸಿ ಮಡಚೋ ಕೀಲುಗಳಿಗೆ ಒಂದು ತೊಟ್ಟು ಎಣ್ಣೆ. ಇಕ್ಕಳದ ಕಟ್ಟರಲ್ಲಿ ಗಿಟಾರ್ ತಂತಿ, ಸ್ಪ್ರಿಂಗ್ ತಂತಿ ಎಲ್ಲ ಕತ್ತರಿಸೋಕೆ ಹೋಗ್ಬೇಡಿ, ಅಂಚಲ್ಲಿ ಹಳ್ಳ ಬೀಳತ್ತೆ. ಕಟ್ಟರ್ ಬ್ಲೇಡ್ ಬಿಚ್ಚಿ ಬದಲಾಯಿಸೋ ಮಾಡೆಲ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ.

ಅಂಗಡೀಲಿ ಕೈಗೆ ಕೊಟ್ಟಾಗ ಡಬ್ಬದ ಮೇಲಿರೋದು ಓದ್ತಾ ನಿಲ್ಬೇಡಿ. ಒಂದೊಂದೇ ಟೂಲ್ ಉಗುರಲ್ಲಿ ಎಳೆದು ನೋಡಿ, ಒಂದು ಎಳೆದ್ರೆ ಪಕ್ಕದ್ದೂ ಗುಂಪಾಗಿ ಎದ್ದು ಬರತ್ತಾ, ಉಗುರು ಮುರಿಯೋಷ್ಟು ಬಿಗಿ ಇದೆಯಾ. ಹಿಡಿ ಜೋರಾಗಿ ಅದುಮಿದ್ರೆ ಅಂಗೈಗೆ ಅಂಚು ಕೊರೆಯತ್ತಾ. ಬ್ಲೇಡ್ ಬಿಚ್ಚಿ ಅಕ್ಕಪಕ್ಕ ಅಲ್ಲಾಡಿಸಿ. ಸ್ಟಾರ್ ಸ್ಕ್ರೂ ಡ್ರೈವರ್ ಎಷ್ಟುದ್ದ ಇದೆ ನೋಡಿ, ಗಿಡ್ಡ ಇದ್ರೆ ಹಳ್ಳದೊಳಗಿರೋ ಸ್ಕ್ರೂ ಮುಟ್ಟೋದೇ ಇಲ್ಲ. ಕೊನೆಗೆ ಇಕ್ಕಳ ಮುಚ್ಚಿ ಬೆಳಕಿಗೆ ಹಿಡೀರಿ, ಮೂತಿ ತುದೀಲಿ ಸಂದು ಕಂಡ್ರೆ ಅಥವಾ ಎರಡು ತುದಿ ಒಂದಕ್ಕೊಂದು ಓರೆಯಾಗಿ ಕೂತಿದ್ರೆ ಬೇರೆ ಪೀಸ್ ಕೇಳಿ. ಆನ್‌ಲೈನಲ್ಲಿ ತರಿಸಿದ್ರೆ ಇದೇ ಚೆಕ್ ಬಂದ ದಿನಾನೇ ಮಾಡಿ, ರಿಟರ್ನ್ ಡೇಟ್ ಮುಗಿಯೋ ತನಕ ಕಾಯ್ಬೇಡಿ.