ಕೊನೆಗೂ ಸೆರಗು ಬಿತ್ತು

ಬಿತ್ತು! ನಿನ್ನೆ ರಾತ್ರಿ 11.45ಕ್ಕೆ ನನ್ನ ಬಾರ್ಬಿ ಗೊಂಬೆಯ ಸೀರೆ ಸೆರಗು ಕೊನೆಗೂ ಬಿತ್ತು. ಗೊಂಬೆಯ ಎಡ ಹೆಗಲಿಂದ ಇಳಿದು, ಬೆನ್ನಿಗೆ ಅಂಟಿಕೊಂಡು, ಸೊಂಟದ ಹತ್ತಿರ ಸ್ವಲ್ಪ ಒಳಗೆ ಸರಿದು, ಮೇಜಿನ ಮೇಲೆ ಹರಡಿಕೊಂಡಿತು. ನಾನು ಕೈಯಿಟ್ಟು ಒತ್ತಲಿಲ್ಲ, ಪಿನ್ನು ಹಾಕಲಿಲ್ಲ. ತಾನಾಗೇ ಬಿತ್ತು. ತಡೆಯಲಾಗದೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಕಣ್ಣುಜ್ಜಿಕೊಂಡು ಬಂದವರು ಬಗ್ಗಿ ನೋಡಿ, "ಈಗ ಸೀರೆ ಥರ ಕಾಣ್ತಿದೆ ಕಣೇ" ಅಂದರು. ಎರಡೂವರೆ ತಿಂಗಳಿಂದ ಈ ಮಾತಿಗೇ ಕಾಯುತ್ತಿದ್ದೆ.

ಹೊಸಬರಿಗೆ ಎರಡು ಮಾತು. ಇದು 2024ರ ಮೇ 6ರಂದು ನ್ಯೂಯಾರ್ಕ್‌ನ ಮೆಟ್ ಗಾಲಾ ಅನ್ನೋ ಫ್ಯಾಷನ್ ಸಮಾರಂಭದಲ್ಲಿ ನಟಿ ಆಲಿಯಾ ಭಟ್ ಉಟ್ಟ, ವಿನ್ಯಾಸಕ ಸಬ್ಯಸಾಚಿ ಅವರ ಸೀರೆ. ತಿಳಿ ಪುದೀನಾ ಹಸಿರು ನೆಟ್ ಬಟ್ಟೆ, ಮೈತುಂಬ ಹೂವಿನ ಕಸೂತಿ, ಹಿಂದೆ 23 ಅಡಿ ಉದ್ದದ ಸೆರಗು. 163 ಜನ ಕೂತು, ಎಲ್ಲರದ್ದೂ ಸೇರಿ ಒಟ್ಟು 1965 ಗಂಟೆ ಕೈಯಲ್ಲೇ ಮಾಡಿದ್ದು. ಅದನ್ನು ನಾನು 29 ಸೆಂಟಿಮೀಟರ್‌ನ ಬಾರ್ಬಿಗೆ, ಅಂದರೆ ಆರನೇ ಒಂದು ಅಳತೆಗೆ ಹೊಲಿಯುತ್ತಿದ್ದೇನೆ. 23 ಅಡಿ ಅಂದರೆ 7 ಮೀಟರ್. ಆರರಿಂದ ಭಾಗಿಸಿದರೆ 117 ಸೆಂಟಿಮೀಟರ್. ಗೊಂಬೆಯ ನಾಲ್ಕರಷ್ಟು ಉದ್ದದ ಸೆರಗು!

ರವಿಕೆ, ಲಂಗ, ಸೊಂಟದ ಹತ್ತಿರ ನೆರಿಗೆ ದಪ್ಪ ಆಗದ ಹಾಗೆ ತುಂಡು ಮಾಡಿ ಹೊಲಿಯೋದು, ಇದೆಲ್ಲ ನಿಮಗೆ ಗೊತ್ತೇ ಇದೆ. ಅದು ಒಂದು ವಾರದಲ್ಲಿ ಮುಗಿದಿತ್ತು. ಉಳಿದ ಎರಡು ತಿಂಗಳನ್ನು ತಿಂದಿದ್ದು ಈ ಸೆರಗೊಂದೇ.

ತೊಂದರೆ ಶುರುವಾಗಿದ್ದು ನೆಟ್‌ನಿಂದ. ಅಂಗಡಿಯ ಸಾಫ್ಟ್ ನೆಟ್‌ನಲ್ಲಿ ಒಂದೊಂದು ಕಣ್ಣು, ಅಂದರೆ ತೂತು, ಸುಮಾರು 1 ಮಿಲಿಮೀಟರ್. ನಮಗೆ ಅದು ನವಿರು. ಗೊಂಬೆಗೆ ಅದೇ 6 ಮಿಲಿಮೀಟರ್ ಆಗುತ್ತೆ. ಮೀನಿನ ಬಲೆ ಉಟ್ಟ ಹಾಗೆ ಕಾಣುತ್ತೆ. ಹೋಗಲಿ ಅಂತ ಸುಮ್ಮನಾಗಬಹುದಿತ್ತು. ಆದರೆ ಹೆಗಲ ಮೇಲೆ ಹಾಕಿದರೆ ಅದು ಕೆಳಗೆ ಬೀಳೋದೇ ಇಲ್ಲ. ಬೆನ್ನಿಂದ ನಾಲ್ಕು ಬೆರಳು ಆಚೆ, ಗಾಳಿಯಲ್ಲಿ ಚಾಚಿಕೊಂಡು ನಿಂತುಬಿಡುತ್ತೆ. ಮೇಜಿನ ಮೇಲೂ ಹರಡಲ್ಲ, ಮಂಕರಿ ಬೋರಲು ಹಾಕಿದ ಹಾಗೆ ಉಬ್ಬಿಕೊಂಡು ಕೂರುತ್ತೆ.

ಎಲ್ಲರೂ ಹೇಳುವ ಹಾಗೆ ಮೊದಲು ಭಾರ ಕಟ್ಟಿದೆ. ಅಂಚಿಗೆ ಸಣ್ಣ ಚೈನು ಹೊಲಿದೆ. ಅಂಚು ಬಿತ್ತು, ನಡು ಮಾತ್ರ ಹಾಗೇ ಎದ್ದುಕೊಂಡಿತ್ತು. ಆಮೇಲೆ ಕಸೂತಿಯ ಹೂವಿನ ಹಿಂದೆಲ್ಲ ಮಣಿ ಪೋಣಿಸಿದೆ. ಸ್ವಲ್ಪ ಬಗ್ಗಿತು, ಆದರೆ ಹೂವು ಇದ್ದಲ್ಲೆಲ್ಲ ಗುಳಿ ಬಿತ್ತು. ಬಟ್ಟೆಗೆ ಹಾಕೋ ಕಂಡೀಷನರ್‌ನಲ್ಲಿ ನೆನೆಸಿದೆ. ಎರಡು ದಿನ ಮೆತ್ತಗಿತ್ತು, ಮೂರನೇ ದಿನ ಮೊದಲಿನ ಹಾಗೇ.

ಭಾರ ಕಟ್ಟಿದರೂ ಯಾಕೆ ಬಗ್ಗುತ್ತಿಲ್ಲ ಅಂತ ಕೂತು ಲೆಕ್ಕ ಹಾಕಿದೆ. ಈ ಲೆಕ್ಕ ನಮಗೆಲ್ಲ ಮೊದಲೇ ಯಾರಾದರೂ ಹೇಳಿಕೊಡಬೇಕಿತ್ತು. ಬಟ್ಟೆಯ ಪಟ್ಟಿಯನ್ನು ಮೇಜಿನ ಅಂಚಿಂದ ಆಚೆ ತಳ್ಳುತ್ತಾ ಹೋದರೆ ಒಂದು ಹಂತದಲ್ಲಿ ತನ್ನ ಭಾರಕ್ಕೆ ತಾನೇ ಬಗ್ಗುತ್ತೆ, ಅಲ್ವಾ? ಎಷ್ಟು ಉದ್ದ ಆಚೆ ಹೋದ ಮೇಲೆ ಬಗ್ಗಿತು ಅನ್ನೋದೇ ಅದರ ಬಿಗುವಿನ ಅಳತೆ. ಪಿಯರ್ಸ್ ಎಂಬ ವಿಜ್ಞಾನಿ 1930ರಲ್ಲೇ ಇದನ್ನು ಲೆಕ್ಕಕ್ಕೆ ಇಳಿಸಿದ್ದರು. ಬಟ್ಟೆ ಮಿಲ್ಲುಗಳಲ್ಲಿ ಈಗಲೂ ಇದೇ ಪರೀಕ್ಷೆ: ಪಟ್ಟಿಯ ತುದಿ 41.5 ಡಿಗ್ರಿ ಇಳಿಜಾರಿನ ಗೆರೆಯನ್ನು ಮುಟ್ಟೋ ತನಕ ತಳ್ಳೋದು.

ಆರನೇ ಒಂದು ಗೊಂಬೆಗೆ ನಿಜವಾದ ಸೀರೆಯ ಹಾಗೇ ಬೀಳಬೇಕು ಅಂದರೆ ಈ ಉದ್ದವೂ ಆರನೇ ಒಂದು ಆಗಬೇಕು. ಇಲ್ಲೇ ಇರೋದು ಗುಟ್ಟು. ಆ ಉದ್ದ ಬಟ್ಟೆಯ ಭಾರದ ಘನಮೂಲಕ್ಕೆ ತಕ್ಕ ಹಾಗೆ ಕಮ್ಮಿಯಾಗುತ್ತೆ. ಹಾಗಾಗಿ ಬರೀ ಭಾರದಿಂದ ಆರನೇ ಒಂದಕ್ಕೆ ಇಳಿಸಬೇಕಾದರೆ 6 × 6 × 6, ಅಂದರೆ 216 ಪಟ್ಟು ಭಾರ ಬೇಕು! ನಾನು ಕಟ್ಟಿದ ಚೈನು ಸೆರಗನ್ನು ಹೆಚ್ಚೆಂದರೆ ಎರಡರಷ್ಟು ಭಾರ ಮಾಡಿತ್ತು. ಭಾರದ ದಾರಿ ಅವತ್ತೇ ಬಿಟ್ಟೆ. ಬಿಗುವು ಇಳಿಸೋದೊಂದೇ ಉಳಿದಿದ್ದ ದಾರಿ.

1945ರ ಪ್ಯಾರಿಸ್ ನೆನಪಾಯಿತು. ಯುದ್ಧದ ಕೊನೆಗೆ ಬಟ್ಟೆಗೆ ಬರ ಬಂದಾಗ, ಅಲ್ಲಿನ ದೊಡ್ಡ ವಸ್ತ್ರವಿನ್ಯಾಸಕರು ತಂತಿ ಗೊಂಬೆಗಳಿಗೆ ತಮ್ಮ ಹೊಸ ಉಡುಪು ಹೊಲಿದು ಪ್ರದರ್ಶನ ಮಾಡಿದ್ದರು. ಹೆಸರು 'ತೆಯಾತ್ರ್ ದ ಲಾ ಮೋಡ್'. ಆ ಗೊಂಬೆಗಳು ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ಮ್ಯೂಸಿಯಂನಲ್ಲಿವೆ. ಅವು ಹೆಚ್ಚುಕಡಿಮೆ ಮನುಷ್ಯನ ಮೂರನೇ ಒಂದು ಅಳತೆ, ಸುಮಾರು 70 ಸೆಂಟಿಮೀಟರ್. ಅವುಗಳ ಫೋಟೊ ನೋಡಿದಾಗಲೆಲ್ಲ ಬಟ್ಟೆ ಇಷ್ಟು ಚೆನ್ನಾಗಿ ಹೇಗೆ ಬಿದ್ದಿದೆ ಅಂತ ಹೊಟ್ಟೆಕಿಚ್ಚು ಪಡುತ್ತಿದ್ದೆ. ಈಗ ಅರ್ಥವಾಯಿತು. ಮೂರನೇ ಒಂದಕ್ಕೆ ಬೇಕಾಗೋದು 3 × 3 × 3, ಅಂದರೆ 27 ಪಟ್ಟು. ನಮ್ಮದರ ಎಂಟನೇ ಒಂದು ಕಷ್ಟ. ಅವರ ಕೈಚಳಕ ದೊಡ್ಡದೇ, ಅಳತೆಯೂ ಅವರ ಜೊತೆಗಿತ್ತು.

ಬಿಗುವು ಇಳಿಸೋದಕ್ಕೆ ರೇಷ್ಮೆ ನೆಟ್ ಒಳ್ಳೆಯದು ಅಂತ ಕೇಳಿದ್ದೆ. ಆನ್‌ಲೈನ್‌ನಲ್ಲಿ 'ಪ್ಯೂರ್ ಸಿಲ್ಕ್ ಟ್ಯೂಲ್' (ಟ್ಯೂಲ್ ಅಂದರೆ ನೆಟ್) ಅಂತ ಇದ್ದದ್ದನ್ನು ಎರಡು ಮೀಟರ್ ತರಿಸಿದೆ. ಕೈಗೆ ಬಂದ ಕೂಡಲೇ ಅನುಮಾನ. ಒಂದು ಎಳೆ ಸುಟ್ಟೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಗುಂಡು ಆಯಿತು. ಸಿಂಥೆಟಿಕ್! ವಾಪಸ್ ಕಳಿಸುತ್ತೇನೆ ಅಂದರೆ "ಕತ್ತರಿಸಿ ಕೊಟ್ಟ ಬಟ್ಟೆ ವಾಪಸ್ ಇಲ್ಲ" ಅಂತ ಉತ್ತರ. ಮೂರು ವಾರ ಪತ್ರ ಬರೆದೆ, ದುಡ್ಡು ಬರಲಿಲ್ಲ. ಇನ್ನೊಂದು ಕಡೆ ನಿಜವಾದದ್ದು ಇತ್ತು, ಆದರೆ ಕನಿಷ್ಠ 10 ಮೀಟರ್ ತಗೋಬೇಕಂತೆ. ನಮಗೆ ಬೇಕಾಗಿರೋದು ಅರ್ಧ ಮೀಟರ್. ಗೊಂಬೆ ಬಟ್ಟೆ ಹೊಲಿಯುವವರೂ ಗಿರಾಕಿಗಳೇ ಅಂತ ಈ ಅಂಗಡಿಗಳಿಗೆ ಯಾವಾಗ ಗೊತ್ತಾಗುತ್ತೋ!

ಚಿಕ್ಕಪೇಟೆಯಲ್ಲಿ ಒಂದು ಸಂಜೆ ಪೂರ್ತಿ ಅಲೆದೆ. ಇದ್ದದ್ದರಲ್ಲಿ ತೆಳುವಾಗಿ ಕಂಡಿದ್ದು ಆರ್ಗಾಂಜಾ ಅನ್ನೋ ಗರಿಗರಿಯಾದ ಬಿಳಿ ರೇಷ್ಮೆ ಬಟ್ಟೆ. ಚದರ ಮೀಟರಿಗೆ 22 ಗ್ರಾಂ. ಬೆಳಕಿಗೆ ಹಿಡಿದರೆ ಎಳೆಗಳೇ ಕಾಣಲ್ಲ, ದೂರದಿಂದ ಸಣ್ಣ ಕಣ್ಣಿನ ನೆಟ್ ಅಂದರೆ ನಂಬಬಹುದು. ಆದರೆ ಕಾಗದದ ಹಾಗೆ ಬಿಗಿ. ಮೇಜಿನ ಅಂಚಿಂದ 9 ಸೆಂಟಿಮೀಟರ್ ಆಚೆ ಹೋದ ಮೇಲೆ ಬಗ್ಗಿತು. ಸಾಫ್ಟ್ ನೆಟ್ ಕೂಡ 5ಕ್ಕೇ ಬಗ್ಗಿತ್ತು. ಕಣ್ಣಿಗೆ ಸರಿ, ಬಿಗುವಿಗೆ ಎಲ್ಲಕ್ಕಿಂತ ಕೆಟ್ಟದ್ದು. ಬೀರುವಿನಲ್ಲಿ ಇಟ್ಟುಬಿಟ್ಟೆ.

ದಾರಿ ತೋರಿಸಿದ್ದು ಶಿಡ್ಲಘಟ್ಟದ ದೊಡ್ಡಮ್ಮ. ಅವರ ಮನೆಯಲ್ಲಿ ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದರು. ಫೋನಿನಲ್ಲಿ ಏನೋ ಮಾತಾಡ್ತಾ ಈ ಗೋಳು ಹೇಳಿಕೊಂಡೆ. ಅವರು ನಕ್ಕರು.

"ಅದು ಬೇಯಿಸದ ರೇಷ್ಮೆ ಕಣೇ. ಹುಳ ಹಾಕಿದ ಅಂಟು ಹಾಗೇ ಇದೆ. ಸೋಪು ನೀರಲ್ಲಿ ಬೇಯಿಸು, ಬೆಣ್ಣೆ ಆಗುತ್ತೆ."

ಇಷ್ಟು ವರ್ಷ ರೇಷ್ಮೆ ಮುಟ್ಟಿದ್ದೇನೆ, ಇದು ಹೊಳೆದಿರಲಿಲ್ಲ! ರೇಷ್ಮೆ ಎಳೆಯಲ್ಲಿ ಕಾಲು ಭಾಗದಷ್ಟು ಸೆರಿಸಿನ್ ಅನ್ನೋ ಅಂಟು ಇರುತ್ತೆ. ಎರಡು ನವಿರಾದ ಎಳೆಗಳನ್ನು ಅದು ಹಿಡಿದಿಟ್ಟಿರುತ್ತೆ. ಹೆಚ್ಚಿನ ರೇಷ್ಮೆ ಬಟ್ಟೆಗಳಲ್ಲಿ ಅದನ್ನು ತೆಗೆದುಬಿಡುತ್ತಾರೆ. ಆರ್ಗಾಂಜಾದಲ್ಲಿ ಬೇಕಂತಲೇ ಉಳಿಸುತ್ತಾರೆ, ಆ ಗರಿಗರಿ ಬರೋದೇ ಅದರಿಂದ.

ಒಂದು ತುಂಡು ಬೇಯಿಸಿದೆ. 1 ಲೀಟರ್ ನೀರು, 5 ಗ್ರಾಂ ತುರಿದ ಸಾದಾ ಸೋಪು, 1 ಗ್ರಾಂ ವಾಷಿಂಗ್ ಸೋಡಾ. ಕುದಿ ಬರೋ ಸ್ವಲ್ಪ ಮುಂಚೆಯೇ ಉರಿ ತಗ್ಗಿಸಿ ಅರ್ಧ ಗಂಟೆ, ನೀರು ಬದಲಿಸಿ ಮತ್ತೆ ಅರ್ಧ ಗಂಟೆ. ನೀರು ಗಂಜಿಯ ಹಾಗೆ ಮಂದವಾಯಿತು. ಒಣಗಿದ ಮೇಲೆ ಕೈಗೆ ತಗೊಂಡರೆ ಬೆರಳ ಸಂದಿಯಲ್ಲಿ ಜಾರಿ ಹೋಯಿತು. ಮೇಜಿನ ಅಂಚಿನ ಪರೀಕ್ಷೆಯಲ್ಲಿ 3 ಸೆಂಟಿಮೀಟರ್! 9ರಿಂದ 3ಕ್ಕೆ ಇಳಿದಿದೆ. ಘನಮೂಲದ ಲೆಕ್ಕ ನೆನಪಿಸಿಕೊಳ್ಳಿ. ಮೂರನೇ ಒಂದು ಆಗಬೇಕಾದರೆ ಬಟ್ಟೆ ಬಗ್ಗೋ ಸಸಾರ ಸುಮಾರು 27 ಪಟ್ಟು ಜಾಸ್ತಿ ಆಗಿರಬೇಕು. ಅಡುಗೆಮನೆಯಲ್ಲಿ, ಒಂದು ಗಂಟೆಯಲ್ಲಿ.

ಕುಣಿದಾಡಿ ಕತ್ತರಿ ಹಾಕಿದೆ. ಆಗ ಮತ್ತೊಂದು ಕಷ್ಟ ಎದುರಾಯಿತು. ಅಂಟು ಹೋದ ಮೇಲೆ ಎಳೆಗಳನ್ನು ಹಿಡಿಯೋರೇ ಇಲ್ಲ. ಕತ್ತರಿಸಿದ ಅಂಚು ನೋಡ್ತಾ ನೋಡ್ತಾ ಬಿಚ್ಚಿಕೊಂಡಿತು. ಕಸೂತಿ ರಿಂಗಿಗೆ ಹಾಕಿ ಎಳೆದರೆ ಎಳೆಗಳು ಪಕ್ಕಕ್ಕೆ ಸರಿದು ನಡುವೆ ಕಿಂಡಿ ಬಿತ್ತು. 12ನೇ ನಂಬರ್ ಸೂಜಿ ಚುಚ್ಚಿದರೂ ಸುತ್ತ ಬಟ್ಟೆ ಸುಕ್ಕು. ಒಂದೇ ಒಂದು ಹೂವು ಮಾಡೋಕೆ ಎರಡು ಸಂಜೆ ಹೋಯಿತು, ಅದೂ ಸೊಟ್ಟ. ಇಂಥ 200 ಹೂವು ಬೇಕು.

ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಮೊದಲು ಬೇಯಿಸಿ ಆಮೇಲೆ ಯಾಕೆ ಹೊಲಿಯಬೇಕು? ಬಿಗಿಯಾಗಿರುವಾಗಲೇ ಎಲ್ಲ ಕೆಲಸ ಮುಗಿಸಿ, ಕೊನೆಗೆ ಸೆರಗನ್ನೇ ಪಾತ್ರೆಗೆ ಹಾಕಿದರೆ?

ಹಾಗೇ ಮಾಡಿದೆ. ಅಂಟು ಇರೋ ಆರ್ಗಾಂಜಾ ಅಂದರೆ ಕಸೂತಿಗೆ ಹೇಳಿ ಮಾಡಿಸಿದ ಬಟ್ಟೆ. ರಿಂಗಿನಲ್ಲಿ ಚರ್ಮದ ಹಾಗೆ ನಿಲ್ಲುತ್ತೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒಣಗಿಸಿ ಕುಗ್ಗಿಸಿಕೊಂಡೆ. ಅಷ್ಟಕ್ಕೆ ಅಂಟು ಬಿಡಲ್ಲ. ಅಂಚು ಸುರುಳಿ ಸುತ್ತಿ ಒಂಟಿ ಎಳೆಯಲ್ಲಿ ಹೊಲಿದೆ. ಹೂವಿಗೆಲ್ಲ ಸಣ್ಣ ಪಾಲಿಯೆಸ್ಟರ್ ದಾರ ಹಾಕಿದೆ, ರೇಷ್ಮೆ ದಾರ ಬೇಡ. ಯಾಕೆ ಅಂದರೆ ಬಣ್ಣ ಹಾಕೋದೂ ಕೊನೆಗೇ. ನಾನು ಹಾಕೋ ಆಸಿಡ್ ಡೈ ಅನ್ನೋ ಬಣ್ಣ ರೇಷ್ಮೆಗೆ ಹಿಡಿಯುತ್ತೆ, ಪಾಲಿಯೆಸ್ಟರ್‌ಗೆ ಹಿಡಿಯಲ್ಲ. ಹಾಗಾಗಿ ಬಟ್ಟೆ ಪುದೀನಾ ಹಸಿರಾದರೂ ಗುಲಾಬಿ ಹೂವು ಗುಲಾಬಿಯಾಗೇ ಉಳಿಯಬೇಕು.

ಹೊಲಿಗೆ ಮಾತ್ರ ಸಡಿಲ ಇರಲಿ. ಮೊದಲ ಮಾದರಿಯಲ್ಲಿ ಬಿಗಿಯಾಗಿ ಎಳೆದಿದ್ದೆ. ಬೆಂದಾಗ ರೇಷ್ಮೆ ಕುಗ್ಗಿತು, ದಾರ ಕುಗ್ಗಲಿಲ್ಲ, ಹೂವುಗಳೆಲ್ಲ ಪೂರಿ ಹಾಗೆ ಉಬ್ಬಿದವು. ಎರಡನೇ ಸಲ ಒಂದೊಂದು ಎಸಳಿನ ಕೆಳಗೂ ಒಂದು ಸೂಜಿ ಇಟ್ಟುಕೊಂಡು ಅದರ ಮೇಲೆ ಹೊಲಿದೆ, ಆಮೇಲೆ ಸೂಜಿ ಎಳೆದುಬಿಟ್ಟೆ. ಆ ಒಂದು ಕೂದಲೆಳೆಯಷ್ಟು ಸಡಿಲವೇ ಸಾಕಾಯಿತು.

ನಿನ್ನೆ ರಾತ್ರಿ ಪೂರ್ತಿ ಸೆರಗನ್ನು ಬೇಯಿಸಿದೆ. ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ. 46 ಸಂಜೆಗಳ ಕೆಲಸ ಅಗಲದ ಪಾತ್ರೆಯಲ್ಲಿ ಮುಳುಗಿದೆ!  ಜೊತೆಗೇ ಬೇಯಿಸಿದ ಖಾಲಿ ತುಂಡು ನೂರಕ್ಕೆ 22ರಷ್ಟು ತೂಕ ಕಳೆದುಕೊಂಡಿತ್ತು, ಅಂದರೆ ಅಂಟು ಪೂರ್ತಿ ಹೋಗಿದೆ. ಟವೆಲ್ ನಡುವೆ ಇಟ್ಟು ನೀರು ಹೀರಿಸಿ, ಫ್ಯಾನಿನ ಕೆಳಗೆ ಒಣಗಿಸಿ, ಹೆಗಲಿಗೆ ಏರಿಸಿದೆ. ಆಮೇಲೆ ಆಗಿದ್ದು ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಮಣಿ ಇನ್ನೂ ಬಾಕಿ. ಸುಲಭವಾಗಿ ಸಿಗೋ ಸಣ್ಣ ಮಣಿ 1.5 ಮಿಲಿಮೀಟರ್, ಅಂದರೆ ಗೊಂಬೆಗೆ 9 ಮಿಲಿಮೀಟರ್. ಹೂವಿನ ನಡುವೆ ನೆಲ್ಲಿಕಾಯಿ ಕೂರಿಸಿದ ಹಾಗೆ. ಉಗುರಿಗೆ ಅಂಟಿಸೋ ತೂತಿಲ್ಲದ ಗಾಜಿನ ಕಾಳು 0.8 ಮಿಲಿಮೀಟರ್‌ನಲ್ಲಿ ಸಿಗುತ್ತೆ. ಅದನ್ನು ಅಂಟಿಸಿದರೆ ಬಟ್ಟೆ ಮತ್ತೆ ಬಿಗಿಯಾಗುತ್ತಾ ಅಂತ ಮೊದಲು ಚೂರಿನ ಮೇಲೆ ನೋಡಬೇಕು.

ಈ ಮಧ್ಯೆ ಮುಂದಿನದು ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಬೆಂಗಳೂರಲ್ಲಿ ಬೆಳೆದ ದೀಪಿಕಾ ಪಡುಕೋಣೆ 2019ರ ಮೆಟ್ ಗಾಲಾಕ್ಕೆ ಹಾಕಿದ್ದ ವಿನ್ಯಾಸಕ ಝ್ಯಾಕ್ ಪೋಸೆನ್ ಅವರ ಗೌನ್. ಗುಲಾಬಿ ಲುರೆಕ್ಸ್ ಜಕಾರ್ಡ್ (ಮಿನುಗೋ ಎಳೆಯ, ನೇಯ್ಗೆಯಲ್ಲೇ ಚಿತ್ತಾರ ಇರೋ ಬಟ್ಟೆ), ಹೊರಗೆ 3ಡಿ ಪ್ರಿಂಟ್ ಮಾಡಿ ಬಣ್ಣ ಹಾಕಿದ 408 ಚೂರುಗಳು. ಅವತ್ತು ಎಲ್ಲರೂ ಬಾರ್ಬಿ ಹಾಗೇ ಇದ್ದಾಳೆ ಅಂದಿದ್ದರು, ಅಂದ ಮೇಲೆ ಬಾರ್ಬಿಗೆ ಹೊಲಿಯದೆ ಬಿಡೋದು ಹೇಗೆ? ಈ ಲೆಕ್ಕ ಗೊತ್ತಾದ ಮೇಲೆ ಧೈರ್ಯವೂ ಬಂದಿದೆ. ಆ ಗೌನ್ ಬೀಳಬೇಕಿಲ್ಲ, ಗಂಟೆಯ ಹಾಗೆ ನಿಲ್ಲಬೇಕು. ನಿಲ್ಲೋ ಬಟ್ಟೆ ಗೊಂಬೆಯ ಅಳತೆಯಲ್ಲಿ ಸುಲಭ, ಬೀಳೋ ಬಟ್ಟೆಯೇ ಕಷ್ಟ. ಆ 408 ಚೂರುಗಳಿಗೆ ರೆಸಿನ್ ಬಳಸೋ 3ಡಿ ಪ್ರಿಂಟರ್ ಇರೋರು ಯಾರಾದರೂ ಜೊತೆಯಾದರೆ ನವರಾತ್ರಿ ಆದ ಮೇಲೆ ಶುರು ಮಾಡೋಣ.

ನವರಾತ್ರಿಗೆ ಈ ಹಸಿರು ಸೀರೆಯವಳು ಗೊಂಬೆ ಹಬ್ಬದ ಮೆಟ್ಟಿಲ ಮೇಲೆ ಕೂರಲೇಬೇಕು. ಪಟ್ಟದ ಗೊಂಬೆಗಳಿಗಿಂತ ಒಂದು ಮೆಟ್ಟಿಲು ಕೆಳಗೆ ಅಂತ ಅಮ್ಮ ಜಾಗ ಕೂಡ ಗೊತ್ತು ಮಾಡಿದ್ದಾರೆ. ಜೊತೆಗೆ ಪಟ್ಟದ ಅರಸಿಯ ಹಳೇ ಸೀರೆಯನ್ನೂ ತಂದು ಮುಂದಿಟ್ಟು, "ಇದಕ್ಕೂ ಏನಾದ್ರೂ ಮಾಡೋಕಾಗುತ್ತಾ ನೋಡು" ಅಂದರು. ಅದು ಜರಿಯ ಬಿಗುವು, ಬೇಯಿಸಿದರೆ ಹೋಗಲ್ಲ. ಬೇರೆ ದಾರಿ ಹುಡುಕಬೇಕು.

ಭಾನುವಾರ ಬಣ್ಣ ಹಾಕುತ್ತೇನೆ. ಅಲ್ಲಿಯವರೆಗೆ ಗೊಂಬೆ ಬಿಳಿ ಸೀರೆಯಲ್ಲೇ ಊಟದ ಮೇಜಿನ ಮೇಲೆ ನಿಂತಿರುತ್ತಾಳೆ. ಆ ಕೋಣೆಯಲ್ಲಿ ಫ್ಯಾನ್ ಹಾಕಬೇಡಿ ಅಂತ ಮನೆಯವರಿಗೆಲ್ಲ ಹೇಳಿದ್ದೇನೆ. ಇವತ್ತು ಎಲ್ಲರೂ ತಟ್ಟೆ ಹಿಡಿದುಕೊಂಡು ಹಜಾರದಲ್ಲೇ ಕೂತು ಊಟ ಮಾಡಿದರು.