ಏಳನೇ ಹಲಗೆ

ಮಳೆಗಾಲ ಶುರುವಾಗುವ ಮೊದಲು ಶಿರಸಿ ಪೇಟೆಯ ಹಳೇ ಅಂಗಡಿಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು ಅಂತ ಬಹಳ ದಿನದ ಆಸೆ. ಜೂನ್ ಬಂತೆಂದರೆ ಮುಗೀತು. ಮಾಡಿನ ಅಂಚಿಗೆ ತಾಡಪಾಲು ಇಳಿಬೀಳುತ್ತದೆ, ಮಳೆ ಹೊಡೆಯುವ ಗೋಡೆಗೆ ಸೋಗೆ ತಟ್ಟಿ ಬರುತ್ತದೆ. ಕಟ್ಟಡ ಕಾಣೋದೇ ಇಲ್ಲ. ಹಾಗಾಗಿ ಮೇ ಕೊನೆಯ ಒಂದು ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟೆ.

ಮೊದಲು ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಿ ಕೈಮುಗಿದೆ. 1688ರ ದೇವಸ್ಥಾನ. ಒಳಗೆ ಕ್ಯಾಮೆರಾ ತೆಗೆಯಲಿಲ್ಲ. ಆದರೆ ಅಲ್ಲಿಯ ಕಾವಿ ಚಿತ್ರಗಳ ಎದುರು ಸ್ವಲ್ಪ ಹೊತ್ತು ನಿಲ್ಲದೆ ನನಗೆ ಬರಲಾಗುವುದಿಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಚೂಪು ಮೊನೆಯಿಂದ ಕೆರೆದು ಮಾಡುವ ಚಿತ್ರ ಅದು. ಕೆರೆದ ಕಡೆ ಒಳಗಿನ ಬಿಳಿ ಕಾಣುತ್ತದೆ. ಬಣ್ಣ ತೆಗೆಯುತ್ತಾ ತೆಗೆಯುತ್ತಾ ಚಿತ್ರ ಮೂಡುವುದು!

ಅಲ್ಲಿಂದ ಸಿಪಿ ಬಜಾರ್. ಸಾಲು ಮಾಡುಗಳು, ಮಂಗಳೂರು ಹಂಚು. ಈ ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1860ರ ದಶಕದಲ್ಲಿ ಶುರು ಮಾಡಿದರು. ನಮ್ಮ ಕಡೆಯ ಮಳೆಗೆ ಮಾಡು ಮುಂದಕ್ಕೆ ಚಾಚಿಕೊಂಡಿರಲೇಬೇಕು. ಅದೇ ಫೋಟೋಕ್ಕೆ ಕಷ್ಟ. ಮೇಲೆ ಆಕಾಶ ಬೆಳ್ಳಗೆ, ಕೆಳಗೆ ಜಗುಲಿ ಕತ್ತಲೆ. ಒಂದಕ್ಕೆ ಹೊಂದಿಸಿದರೆ ಇನ್ನೊಂದು ಹೋಗುತ್ತದೆ. ಬಿಸಿಲೇರುವ ಮೊದಲಿನ ಅರ್ಧ ಗಂಟೆ ಮಾತ್ರ ಎರಡೂ ಸಿಗುತ್ತವೆ.

ನನಗೆ ಬೇಕಾಗಿದ್ದ ಅಂಗಡಿ ಇನ್ನೂ ಮುಚ್ಚಿತ್ತು. ಹಗ್ಗ, ಕತ್ತಿ, ಬುಟ್ಟಿ ಮಾರುವ ಅಂಗಡಿ. ಶಟರ್ ಇಲ್ಲ, ಉದ್ದುದ್ದ ಹಲಗೆಗಳ ಬಾಗಿಲು. ನೀಲಿ ಬಣ್ಣ. ಕ್ಯಾಮೆರಾ ನೇರ ಹಿಡಿದು ಚೌಕಟ್ಟು ಕೂರಿಸುವಷ್ಟರಲ್ಲಿ ಅಂಗಡಿಯ ಮಾಮ ಬೀಗದ ಕೈ ಹಿಡಿದು ಬಂದರು.

"ಮಾಮ, ಎರಡೇ ನಿಮಿಷ. ಮುಚ್ಚಿದ್ದಾಗಲೇ ಒಂದು ತೆಗೀತೇನೆ."

"ತೆಗಿ ತಮ್ಮಾ, ಗಡಿಬಿಡಿ ಎಂತದಿಲ್ಲ," ಅಂದು ಪಕ್ಕಕ್ಕೆ ಸರಿದು ನಿಂತರು.

ಫೋಟೋ ಚೆನ್ನಾಗಿಯೇ ಬಂತು. ಗೆರೆಗಳೆಲ್ಲ ನೆಟ್ಟಗೆ, ನೀಲಿ ಒಪ್ಪವಾಗಿತ್ತು. ಆದರೂ ಮನಸ್ಸು ತುಂಬಲಿಲ್ಲ. ಕ್ಯಾಲೆಂಡರ್ ಚಿತ್ರದ ಹಾಗೆ ಕಂಡಿತು.

ಮಾಮ ಬೀಗ ತೆಗೆದು, ಕಬ್ಬಿಣದ ಅಡ್ಡಪಟ್ಟಿ ಕೆಳಗಿಟ್ಟು, ಕೊನೆಯ ಹಲಗೆ ಎತ್ತಿದರು. ಚೌಕಟ್ಟಿನ ಮೇಲಿನ ತೋಡಿನೊಳಗೆ ಒತ್ತಿ ಎತ್ತಬೇಕು, ಆಮೇಲೆ ಬುಡವನ್ನು ತನ್ನ ಕಡೆ ಎಳೆಯಬೇಕು. ಒಂದೊಂದರ ಒಳಮೈಯಲ್ಲೂ ಉಳಿಯಿಂದ ಕೆತ್ತಿದ ಅಂಕಿ. ೧೧, ೧೦, ೯, ೮. ಏಳನೆಯದು ಮಾತ್ರ ಹಟ ಹಿಡಿಯಿತು. ಅಂಗೈಯಿಂದ ಎರಡು ಸಲ ಗುದ್ದಿದರು.

"ಮಳೆಗಾಲದಲ್ಲಿ ಮರ ಉಬ್ಬಿ ಇದೊಂದು ಅಲ್ಲಾಡೂದೇ ಇಲ್ಲ. ಹೆರೆಸಿದ್ರೆ ಬೇಸಿಗೆಲಿ ಸಂದು ಬೀಳ್ತದೆ. ಅದ್ರ ಜಾಗದಲ್ಲಿ ಬೇರೆದ್ದು ಹಾಕುವಾ ಅಂದ್ರೆ ಕೂರೂದಿಲ್ಲ. ಪಕ್ಕದ್ದಕ್ಕೆ ನೋಡೇ ಒಂದೊಂದನ್ನೂ ಹೆರೆದಿದ್ದು."

ಆಗ ಕಣ್ಣಿಗೆ ಬಿತ್ತು. ಎಲ್ಲ ಹಲಗೆಗಳಲ್ಲೂ, ಎದೆಯೆತ್ತರದಲ್ಲಿ, ಕೈ ಹಿಡಿಯುವ ಅಂಚು ಸವೆದಿತ್ತು. ನೀಲಿ ಹೋಗಿ ಹಸಿರು, ಹಸಿರು ಹೋಗಿ ಕೆಂಪು, ನಡುವೆ ಹೆಬ್ಬೆರಳಿನ ಅಗಲಕ್ಕೆ ಬರೀ ಮರ. ಕೈಯೆಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಎಷ್ಟು ಸಲ ಬಣ್ಣ ಹೊಡೆಸಿದ್ದೀರಿ ಅಂತ ಕೇಳಿದೆ.

"ಮಾರಿ ಜಾತ್ರೆ ಬಂದಾಗೆಲ್ಲ ಹೊಡಿತೇವಲ್ಲ," ಅಂದರು. ಎರಡು ವರ್ಷಕ್ಕೊಮ್ಮೆ ದೇವಿ ಬಿಡ್ಕಿಬೈಲಿನ ಗದ್ದುಗೆಗೆ ಬರುವಾಗ ಪೇಟೆಗೆ ಪೇಟೆಯೇ ಸಿಂಗರಿಸಿಕೊಳ್ಳುತ್ತದೆ. ಮಾಮನ ಅಪ್ಪನ ಕಾಲದ ಜಾತ್ರೆಗಳೂ ಆ ಅಂಚಿನಲ್ಲಿದ್ದವು.

ಬೆಳಿಗ್ಗೆ ನೋಡಿದ ಕಾವಿ ಚಿತ್ರ ನೆನಪಾಗಿ ಮೈ ಜುಂ ಅಂತು. ಅಲ್ಲಿ ಚೂಪು ಮೊನೆ ಮಾಡಿದ ಕೆಲಸವನ್ನು ಇಲ್ಲಿ ಹೆಬ್ಬೆರಳು ಮಾಡಿತ್ತು.

"ಮಾಮ, ಏಳನೇದನ್ನು ಇನ್ನೊಂದ್ಸಲ ಹಾಕಿ ತೆಗೀತೀರಾ?" ಅಂದೆ. ನಕ್ಕು, ವಾಪಸ್ ಹಾಕಿ ತೆಗೆದರು. ಈ ಸಲ ಹತ್ತಿರ ಹೋದೆ. ಆಕಾಶ, ಹಂಚು, ಜಗುಲಿ ಎಲ್ಲ ಬಿಟ್ಟೆ. ಅಂಚು, ಅವರ ಕೈ, ಸವೆದ ಜಾಗದ ಮೇಲೆ ಸರಿಯಾಗಿ ಕೂತ ಹೆಬ್ಬೆರಳು. ಅಷ್ಟೇ.

ಮುಂದಿನ ವಾರ ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಟ್ಟೆ. ಆಗಲೇ ಮೋಡ ಕಟ್ಟಿತ್ತು, ಎದುರಿನ ಅಂಗಡಿಗೆ ತಾಡಪಾಲು ಬಿಗಿಯುತ್ತಿದ್ದರು. ಮಾಮ ಕನ್ನಡಕ ಹಾಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮ ಅಪ್ಪನ ಕೈಯೂ ಹೀಗೇ ಇತ್ತು," ಅಂದರು. ಆಮೇಲೆ ಫೋಟೋದ ಮೇಲೆ ಬೆರಳಿಟ್ಟು, "ಇಲ್ಲಿ ನೋಡು, ಬುಡದ ಹತ್ರ ಸಣ್ಣ ಸೀಳು ಬಿಟ್ಟದೆ. ಮಳೆ ಹಿಡಿಯೂದ್ರೊಳಗೆ ಬಡಗಿಗೆ ಹೇಳ್ಬೇಕು," ಅಂದು ಎದ್ದು ಏಳನೇ ಹಲಗೆಯ ಹತ್ತಿರ ಹೋದರು.